ಹಿಂದಿನ ಸಾಲಿಗೆ ಮಾತು ಕೇಳುವುದಿಲ್ಲ: ಕಾಲರ್ ಮೈಕ್ ತರಬೇಕಾ, ಬೇಡವಾ?

ಕೊನೆಕೊಯ್ಲು:
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನ ಸಣ್ಣ ಊರು. ಅಡಿಕೆ ಕೊಯ್ದು, ಸುಲಿದು, ಬೇಯಿಸಿ ಒಣಗಿಸುವ ಗಡಿಬಿಡಿ ಮುಗಿದ ಮೇಲೆ ಊರವರೇ ಸೇರಿ ವರ್ಷಕ್ಕೊಂದು ನಾಟಕ ಆಡುತ್ತೇವೆ. ಶಾಲೆ ಮೈದಾನ, ಸಿಮೆಂಟ್ ವೇದಿಕೆ, ಮೇಲೆ ಶೀಟು. ಸುಮಾರು 400 ಜನ ಬರುತ್ತಾರೆ. ಹೋದ ಸಲ ಅರ್ಧ ನಾಟಕ ಆಗುವಷ್ಟರಲ್ಲಿ ಹಿಂದಿನಿಂದ "ಜೋರಾಗಿ ಹೇಳ್ರೋ" ಎಂದು ಕೂಗು ಶುರುವಾಯಿತು. ಅವರು ಕೂಗಿದಷ್ಟೂ ನಮ್ಮವರು ಕೂಗಿದರು. ಕೊನೆಗೆ ನಾಟಕದಲ್ಲಿ ಪ್ರೀತಿಯ ದೃಶ್ಯ ಯಾವುದು, ಜಗಳದ ದೃಶ್ಯ ಯಾವುದು ಎಂದೇ ಗೊತ್ತಾಗಲಿಲ್ಲ.

ಈ ಸಲ ತಂಡದಲ್ಲಿ ಎರಡು ಪಕ್ಷ. ಹುಡುಗರು ಎಲ್ಲರಿಗೂ ಕಾಲರ್ ಮೈಕ್ ಬಾಡಿಗೆಗೆ ತರೋಣ ಅನ್ನುತ್ತಿದ್ದಾರೆ. ನಿರ್ದೇಶನ ಮಾಡುವವರು ಮೈಕ್ ತಂದರೆ ನಾನು ಬರುವುದೇ ಇಲ್ಲ ಎಂದು ಕೂತಿದ್ದಾರೆ. ಹನ್ನೊಂದು ಪಾತ್ರ ಇದೆ, ಒಂದೂವರೆ ಗಂಟೆಯ ನಾಟಕ. ಅನುಭವ ಇರುವವರು ಹೇಳಿ, ಏನು ಮಾಡಬೇಕು?

ಕಟ್ಟೆಪುರಾಣ:
ಮೈಕ್ ಹಾಕಿ. ಮುಗೀತಲ್ಲ.

ಮೇಳದ ಹುಚ್ಚು:
ಎಂಥ ಮೈಕ್ ಮಾರಾಯ್ರೇ! ನಮ್ಮ ಅಜ್ಜನ ಕಾಲದಲ್ಲಿ ಗದ್ದೆ ಕೊಯ್ಲಾದ ಮೇಲೆ ಬಯಲಲ್ಲಿ ಯಕ್ಷಗಾನದ ಆಟ ಆಗುತ್ತಿತ್ತು. ಮೈಕೂ ಇಲ್ಲ, ಕರೆಂಟೂ ಇಲ್ಲ. ರಾತ್ರಿಯಿಡೀ ಭಾಗವತರ ಪದ ಆಚೆ ಗುಡ್ಡದ ಮನೆಗೆ ಕೇಳುತ್ತಿತ್ತಂತೆ. ಈಗಿನವರ ಗಂಟಲಿನಲ್ಲಿ ದಮ್ ಇಲ್ಲ, ಅಷ್ಟೇ.

ಸೌಂಡ್ ಬಾಕ್ಸ್:
ಅಜ್ಜನ ಕಾಲ ಬಿಡಿ. ಈಗ ಯಾವ ಮೇಳ ಮೈಕ್ ಇಲ್ಲದೆ ಆಟ ಆಡುತ್ತೆ ಹೇಳಿ? ಭಾಗವತರ ಮುಂದೆ ಒಂದು, ಮದ್ದಳೆಗೆ ಒಂದು, ವೇಷಧಾರಿಗಳಿಗೆ ಮೇಲೆ ನೇತು ಹಾಕಿದ್ದು ಬೇರೆ. ನಾನು ಹಾಕಿ ತೆಗೆದವನು, ಅದಕ್ಕೇ ಹೇಳುತ್ತಿದ್ದೇನೆ.

ಸೈಡ್‌ವಿಂಗ್:
ನಾನು ಶಿವಮೊಗ್ಗದ ಒಂದು ಹವ್ಯಾಸಿ ತಂಡದಲ್ಲಿ ಇರುವವನು. ಕೊನೆಕೊಯ್ಲು ಅವರೇ, ನಿಮ್ಮ ಸಮಸ್ಯೆ ಸದ್ದು ಕಡಿಮೆ ಆಗಿದ್ದಲ್ಲ ಅಂತ ನನಗೆ ಅನಿಸುತ್ತದೆ. ನೀವೇ ಬರೆದಿದ್ದೀರಲ್ಲ, ಎಲ್ಲರೂ ಕೂಗಿದರು ಅಂತ. ಕೂಗಿದ ಮೇಲೂ ಕೇಳಿಸಲಿಲ್ಲ ಅಂದರೆ ತೊಂದರೆ ಬೇರೆ ಕಡೆ ಇದೆ.

ಮುಂದಿನ ತಾಲೀಮಿನಲ್ಲಿ ಒಂದು ಕೆಲಸ ಮಾಡಿ. ವೇದಿಕೆಯಿಂದ ದೂರ ಹೋಗಿ ಬೆನ್ನು ತಿರುಗಿಸಿ ನಿಂತುಕೊಳ್ಳಿ. ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರೆದುಕೊಳ್ಳಿ. ವಾಕ್ಯದ ಮೊದಲರ್ಧ ಚೆನ್ನಾಗಿ ಕೇಳಿಸುತ್ತದೆ, ಕೊನೆ ಮಾತ್ರ ನಟನ ಗಂಟಲಲ್ಲೇ ಉಳಿದಿರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ, ಆಯಿತೋ ಆಗಲಿಲ್ಲವೋ, ಎಲ್ಲ ತೀರ್ಮಾನ ಆಗುವುದು ಅಲ್ಲಿ. "ನಾನು ಇನ್ನು ಆ ಮನೆಗೆ ಕಾಲಿಡುವುದಿಲ್ಲ" ಅನ್ನುವ ಮಾತನ್ನು ನಮ್ಮವರು "ನಾನು ಇನ್ನು ಆ ಮನೆಗೆ" ತನಕ ಸಿಂಹದ ಹಾಗೆ ಹೇಳುತ್ತಾರೆ. ಅಷ್ಟರಲ್ಲಿ ಉಸಿರು ಖಾಲಿ. ಹಿಂದೆ ಕೂತವನಿಗೆ ಅವನು ಕಾಲಿಡುತ್ತಾನೋ ಇಲ್ಲವೋ ಗೊತ್ತಾಗುವುದಿಲ್ಲ. ಪಕ್ಕದವನನ್ನು "ಎಂತ ಹೇಳಿದ?" ಎಂದು ಕೇಳುತ್ತಾನೆ. ಪಕ್ಕದವನಿಗೆ ಮುಂದಿನ ಮಾತೂ ಹೋಯಿತು. ಗದ್ದಲ ಹುಟ್ಟುವುದೇ ಹೀಗೆ.

ಇನ್ನೊಂದು, ಕೂಗಿದಾಗ ಉದ್ದವಾಗುವುದು ಸ್ವರ ಮಾತ್ರ. ಒತ್ತಕ್ಷರ ಸತ್ತುಹೋಗುತ್ತದೆ. ಆ ಕತ್ತೆ ಎಂದು ಬೈದದ್ದು ಆ ಕತೆ ಎಂದು ಕೇಳಿಸುತ್ತದೆ. ಮೈಕ್ ಹಾಕಿದರೆ ಅದೇ ಅಸ್ಪಷ್ಟ ಮಾತು ಇನ್ನೂ ದೊಡ್ಡದಾಗಿ ಕೇಳುತ್ತದೆ, ಅಷ್ಟೇ.

ಹಿಂದಿನ ಬೆಂಚು:
"ಎಂತ ಹೇಳಿದ" ಅನ್ನುವ ಆ ಪಕ್ಕದವನು ನಾನೇ 😀

ಕಟ್ಟೆಪುರಾಣ:
ನಮ್ಮ ಕಡೆ ಚಳಿಗಾಲದ ನಾಟಕಕ್ಕೆ ಎಲ್ಲರೂ ಕಿವಿಗೆ ಮಫ್ಲರ್ ಸುತ್ತಿಕೊಂಡು ಬಂದು ಕೂರುತ್ತಾರೆ. ಆಮೇಲೆ ಕೇಳಿಸುವುದಿಲ್ಲ ಅಂತ ಗಲಾಟೆ. ಇದಕ್ಕೆ ಯಾವ ಮೈಕ್ ಇದೆ?

ಬಣ್ಣದ ಡಬ್ಬಿ:
ಸೈಡ್‌ವಿಂಗ್ ಅಣ್ಣ ಹೇಳಿದ್ದು ಅರ್ಧ ಸರಿ. ಹೆಣ್ಣು ಪಾತ್ರ ಮಾಡುವ ನಮ್ಮ ಕಷ್ಟ ಬೇರೆ. "ಧ್ವನಿ ಏರಿಸಮ್ಮ" ಎಂದು ಎಲ್ಲ ನಿರ್ದೇಶಕರೂ ಹೇಳುತ್ತಾರೆ. ಏರಿಸು ಅಂದರೆ ಏನು ಅಂತ ಯಾರೂ ಹೇಳಿಕೊಡುವುದಿಲ್ಲ. ಗೊತ್ತಿಲ್ಲದವರು ಶ್ರುತಿ ಏರಿಸುತ್ತಾರೆ. ಆಗ ಧ್ವನಿ ಕೀರಲಾಗುತ್ತದೆ, ಮೂರನೇ ದೃಶ್ಯಕ್ಕೆ ಗಂಟಲು ಕಟ್ಟುತ್ತದೆ. ಬೇಕಾದದ್ದು ಶ್ರುತಿ ಅಲ್ಲ, ಹೊಟ್ಟೆಯಿಂದ ಬರುವ ಉಸಿರು. ಗದ್ದೆಯ ಆಚೆ ಬದುವಿನಲ್ಲಿ ಇರುವವರನ್ನು ಊಟಕ್ಕೆ ಕರೆಯುವಾಗ ನಮ್ಮ ಅಮ್ಮಂದಿರು ಕಿರುಚುವುದಿಲ್ಲ ಅಲ್ವಾ? ಆದರೂ ಅಲ್ಲಿಗೆ ಕೇಳುತ್ತದೆ.

ಆಮೇಲೆ ಮುಖ ಎತ್ತ ಇದೆ ಅನ್ನುವುದು. ಇಬ್ಬರು ಎದುರುಬದುರು ನಿಂತು ಮಾತಾಡಿದರೆ ಮಾತೆಲ್ಲ ವೇದಿಕೆ ಪಕ್ಕದ ಸೈಡ್‌ವಿಂಗಿಗೆ ಹೋಗುತ್ತದೆ. ಸ್ವಲ್ಪ ಓರೆಯಾಗಿ ನಿಲ್ಲಬೇಕು. ಎದುರಿನ ಪಾತ್ರಧಾರಿ ಒಂದು ಹೆಜ್ಜೆ ಹಿಂದೆ ಹೋಗಿ ನಿಂತರೆ ನಾನು ಅವನಿಗೆ ಹೇಳುವ ಮಾತೆಲ್ಲ ಗೋಡೆಗೇ ಹೋಗುತ್ತದೆ. ಹಿರಿಯ ನಟರೊಬ್ಬರು ಬೇಕೆಂದೇ ಹಾಗೆ ಹಿಂದೆ ಸರಿಯುತ್ತಿದ್ದರು, ಜನರಿಗೆ ಅವರ ಮುಖ, ನಮ್ಮ ಜಡೆ!

ಸೈಡ್‌ವಿಂಗ್:
@ಬಣ್ಣದ ಡಬ್ಬಿ ಜಡೆ ಮಾತು ಓದಿ ನಗು ತಡೆಯಲಾಗಲಿಲ್ಲ ಅಕ್ಕ. ಆದರೆ ಶ್ರುತಿ ಬಗ್ಗೆ ಒಂದು ತಕರಾರು. ಮೈಕ್ ಇಲ್ಲದ ದಿನಗಳಲ್ಲಿ ಕಂಪನಿ ನಾಟಕದವರು ಏರಿದ ಶ್ರುತಿಯಲ್ಲೇ ಹಾಡುತ್ತಿದ್ದರು, ಕಾಲು ಹಾರ್ಮೋನಿಯಂ ಜೊತೆಗೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯವರೂ ಅಷ್ಟೆ. ಏರು ಶ್ರುತಿ ದೂರ ಹೋಗುತ್ತದೆ ಅನ್ನುವುದು ಸುಳ್ಳಲ್ಲ.

ಬಣ್ಣದ ಡಬ್ಬಿ:
ಅವರು ಹಾಡಿದ್ದು. ನಾವು ಮಾತಾಡುತ್ತಿದ್ದೇವೆ. ಅಡುಗೆಮನೆಯ ದೃಶ್ಯದಲ್ಲಿ ಅತ್ತೆ ಸೊಸೆ ಏರು ಶ್ರುತಿಯಲ್ಲಿ ಮಾತಾಡಿದರೆ ಹೇಗಿರುತ್ತೆ ಯೋಚಿಸಿ.

ಹಿಂದಿನ ಬೆಂಚು:
ನಮ್ಮ ಮನೆಯಲ್ಲಿ ಹಾಗೇ ಮಾತಾಡುವುದು.

ಇಂಜಿನಿಯರ್ ಮಾವ:
ಮೈದಾನದ ಲೆಕ್ಕ ಯಾರೂ ಹೇಳಲಿಲ್ಲವಲ್ಲ. ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 10 ಅಡಿಯಲ್ಲಿ ಕೂತವನಿಗಿಂತ 20 ಅಡಿಯವನಿಗೆ 6 ಕಡಿಮೆ, 40 ಅಡಿಗೆ 12, 80 ಅಡಿಗೆ 18. ಒಳಾಂಗಣದಲ್ಲಿ ಗೋಡೆ, ಚಾವಣಿ ಸದ್ದನ್ನು ವಾಪಸ್ ಕಳಿಸಿ ಸಹಾಯ ಮಾಡುತ್ತವೆ. ಬಯಲಲ್ಲಿ ಅದಿಲ್ಲ. ಹಾಗಾಗಿ ಮೈಕಿಗಿಂತ ಮೊದಲು ಯೋಚಿಸಬೇಕಾದ್ದು ಜನರನ್ನು ಎಲ್ಲಿ ಕೂರಿಸುತ್ತೀರಿ ಎನ್ನುವುದು.

400 ಜನ ಚಾಪೆ ಮೇಲೆ ಕೂತರೆ ತಲೆಗೆ 6 ಚದರ ಅಡಿ ಹಿಡಿಯಿರಿ, 2400 ಚದರ ಅಡಿ ಆಯಿತು. ಉದ್ದಕ್ಕೆ ಸಾಲು ಹಾಕಿದರೆ ಕೊನೆಯವರು ರಸ್ತೆ ಹತ್ತಿರ ಹೋಗುತ್ತಾರೆ. ಅದನ್ನೇ ವೇದಿಕೆ ಸುತ್ತ ಬೀಸಣಿಗೆಯ ಆಕಾರದಲ್ಲಿ ಕೂರಿಸಿ. 120 ಡಿಗ್ರಿ ಹರವಿದರೆ 50 ಅಡಿಯೊಳಗೆ ಎಲ್ಲರೂ ಹಿಡಿಸುತ್ತಾರೆ. ಲೆಕ್ಕ ಹಾಕಿ ನೋಡಿ, 2600 ಚದರ ಅಡಿ ಬರುತ್ತದೆ. ಕುರ್ಚಿ ಹಾಕಿದರೆ ಇದು ಆಗುವುದಿಲ್ಲ. ವಯಸ್ಸಾದವರಿಗೆ ಮಾತ್ರ ಅಂಚಿನಲ್ಲಿ ಒಂದು ಸಾಲು ಬೆಂಚು ಸಾಕು.

ವೇದಿಕೆ ಹಿಂದೆ ಬಟ್ಟೆ ಪರದೆ ಕಟ್ಟುತ್ತೀರಾ? ದಪ್ಪ ಬಟ್ಟೆ ಸದ್ದನ್ನು ನುಂಗುತ್ತದೆ. ಗಟ್ಟಿ ಹಲಗೆ ಇದ್ದರೆ ಒಳ್ಳೆಯದು.

@ಮೇಳದ ಹುಚ್ಚು, ನಿಮ್ಮ ಅಜ್ಜ ಹೇಳಿದ್ದು ಕತೆಯಲ್ಲ. ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಿರುತ್ತದೆ, ಮೇಲಿನದು ಬೆಚ್ಚಗೆ. ಆಗ ಸದ್ದು ಮೇಲೆ ಹೋಗದೆ ನೆಲದ ಕಡೆಗೆ ಬಾಗುತ್ತದೆ. ಅದಕ್ಕೇ ದೂರದ ಚೆಂಡೆ ರಾತ್ರಿ ಸ್ಪಷ್ಟವಾಗಿ ಕೇಳುವುದು, ಹಗಲು ಕೇಳದೇ ಇರುವುದು. ದಮ್ಮಿನ ವಿಷಯ ಬೇರೆ.

ಮೇಳದ ಹುಚ್ಚು:
ನೋಡಿ, ಅಜ್ಜ ಗೆದ್ದ.

ಹಳೆ ಮೇಷ್ಟ್ರು:
ಮಾವ ಹೇಳಿದ 50 ಅಡಿ ಲೆಕ್ಕ ಓದಿ ಖುಷಿಯಾಯಿತು. ಭರತನ ನಾಟ್ಯಶಾಸ್ತ್ರದ ಎರಡನೇ ಅಧ್ಯಾಯ ಪೂರ್ತಿ ನಾಟಕಶಾಲೆ ಕಟ್ಟುವುದರ ಬಗ್ಗೆಯೇ ಇದೆ. ಮನುಷ್ಯರ ನಾಟಕಕ್ಕೆ 64 ಮೊಳ ಉದ್ದ, 32 ಮೊಳ ಅಗಲ ಸಾಕು, ಅದಕ್ಕಿಂತ ದೊಡ್ಡದು ಕಟ್ಟಬೇಡಿ ಎನ್ನುತ್ತಾನೆ. ಕಾರಣವನ್ನೂ ಕೊಟ್ಟಿದ್ದಾನೆ: ಮಾತು ಸ್ಪಷ್ಟವಾಗಿ ಕೇಳುವುದಿಲ್ಲ, ಮುಖದ ಭಾವ ಕಾಣುವುದಿಲ್ಲ. ಆ 64 ಮೊಳದಲ್ಲಿ ಅರ್ಧ ರಂಗಕ್ಕೆ ಮತ್ತು ನೇಪಥ್ಯಕ್ಕೆ ಹೋಗುತ್ತದೆ. ಮೊಳಕ್ಕೆ ಒಂದೂವರೆ ಅಡಿ ಎಂದರೆ ಪ್ರೇಕ್ಷಕರಿಗೆ ಉಳಿಯುವುದು 48 ಅಡಿ. ಮಾವ ಲೆಕ್ಕ ಹಾಕಿ ಬಂದ ಜಾಗಕ್ಕೇ ಭರತನೂ ಬಂದಿದ್ದ.

ಕಟ್ಟೆಪುರಾಣ:
ಭರತನ ಕಾಲದಲ್ಲಿ ಪಕ್ಕದಲ್ಲಿ ಜನರೇಟರ್ ಓಡುತ್ತಿರಲಿಲ್ಲ ಮೇಷ್ಟ್ರೇ.

ಸೌಂಡ್ ಬಾಕ್ಸ್:
ಅದು ಪಾಯಿಂಟು! ನಾಟಕಕ್ಕೆ ದೊಡ್ಡ ಶತ್ರು ಜನರೇಟರ್. ಜನರೇಟರ್‌ನವನು ಕೇಬಲ್ ಉಳಿಸಲು ವೇದಿಕೆ ಪಕ್ಕದಲ್ಲೇ ತಂದು ನಿಲ್ಲಿಸುತ್ತಾನೆ. ಶಾಲೆ ಕಟ್ಟಡದ ಹಿಂದೆ ಹಾಕಿಸಿ, ಉದ್ದ ಕೇಬಲ್ ತರಲು ಮೊದಲೇ ಹೇಳಿ. ಲೈಟಿನ ಡಿಮ್ಮರ್ ಮತ್ತು ಸೌಂಡ್ ಒಂದೇ ಫೇಸಿನಲ್ಲಿ ಹಾಕಬೇಡಿ. ಲೈಟ್ ಮಬ್ಬು ಮಾಡಿದಾಗಲೆಲ್ಲ ಸ್ಪೀಕರಿನಲ್ಲಿ ಗುಂಯ್ ಅನ್ನುತ್ತದೆ.

ಇನ್ನು ಕಾಲರ್ ಮೈಕ್. ನಾನು ಬಾಡಿಗೆಗೆ ಕೊಡುವವನು, ತನ್ನ ವ್ಯಾಪಾರಕ್ಕೆ ತಾನೇ ಕಲ್ಲು ಹಾಕುತ್ತಾನೆ ಅಂದುಕೊಂಡರೂ ಪರವಾಗಿಲ್ಲ. ಹನ್ನೊಂದು ಮೈಕ್ ಅಂದರೆ ಹನ್ನೊಂದು ತಲೆನೋವು. ಬೆವರಿಗೆ ಕೆಡುತ್ತದೆ. ಸರ, ಸೆರಗು, ಅಂಟಿಸಿದ ಗಡ್ಡ ತಾಗಿ ಕರಕರ ಅನ್ನುತ್ತದೆ. ತಬ್ಬಿಕೊಂಡರೆ ಡಬ್ ಅಂತ ಸದ್ದು. ಒಳಗೆ ಹೋದವನು ಮೈಕ್ ಆಫ್ ಮಾಡುವುದಿಲ್ಲ, ಚಹಾ ಆಯ್ತಾ ಎಂದು ಕೇಳಿದ್ದು ಊರಿಗೆಲ್ಲ ಕೇಳುತ್ತದೆ. ಮಿಕ್ಸರ್ ಹತ್ತಿರ ಕೂತವನಿಗೆ ಇಡೀ ನಾಟಕ ಬಾಯಿಪಾಠ ಬರಬೇಕು. ಯಾರ ಮಾತು ಮುಗಿಯಿತು, ಯಾರದ್ದು ಶುರು ಅಂತ ಬೆರಳು ಮುಂದೆ ಓಡಬೇಕು. ಅವನನ್ನು ತಾಲೀಮಿಗೆ ಕರೆಯದೆ ನಾಟಕದ ದಿನ ಸಂಜೆ ಕರೆದರೆ ಏನಾಗುತ್ತೆ ಹೇಳಿ?

ಬೇಕೇ ಬೇಕು ಅಂದರೆ ವೇದಿಕೆಯ ಮುಂಭಾಗದ ಅಂಚಿನಲ್ಲಿ ನೆಲಕ್ಕೆ ಎರಡು ಮೂರು ಮೈಕ್ ಇಡಿ. ಕೆಳಗೆ ದಪ್ಪ ಸ್ಪಂಜು ಹಾಕಿ, ಇಲ್ಲದಿದ್ದರೆ ಹೆಜ್ಜೆ ಸದ್ದೇ ಜಾಸ್ತಿ. ಸ್ಪೀಕರ್ ಮೈಕಿಗಿಂತ ಮುಂದೆ ಇರಬೇಕು, ಹಿಂದೆ ಇಟ್ಟರೆ ಕುಂಯ್ ಎಂದು ಕೂಗುತ್ತದೆ. ಮಾತನ್ನು ಸ್ವಲ್ಪ ಎತ್ತಿ ಹಿಡಿಯುವಷ್ಟೇ ವಾಲ್ಯೂಮ್ ಸಾಕು. ಮೈಕ್ ಇದೆ ಅಂತ ಜನರಿಗೆ ಗೊತ್ತಾಗಬಾರದು.

ಹೊಸನಗರ ಲೋಕಲ್:
ನೆಲದ ಮೈಕ್ ಇಟ್ಟರೆ, ಮರೆತ ಮಾತನ್ನು ಮರೆಯಿಂದ ಹೇಳಿಕೊಡುವ ಪ್ರಾಂಪ್ಟರನ್ನು ದೂರ ಕೂರಿಸಿ. ನಮ್ಮ ಕಡೆ ಒಂದು ನಾಟಕದಲ್ಲಿ ಪ್ರಾಂಪ್ಟರ್ ಹೇಳಿದ್ದು ಮೊದಲು ಸ್ಪೀಕರಿನಲ್ಲಿ ಬರುತ್ತಿತ್ತು, ಆಮೇಲೆ ಪಾತ್ರಧಾರಿ ಅದನ್ನೇ ಹೇಳುತ್ತಿದ್ದ. ಜನ ಎರಡೆರಡು ಸಲ ಕೇಳಿ ನಾಟಕ ಚೆನ್ನಾಗಿ ಅರ್ಥ ಮಾಡಿಕೊಂಡರು.

ಬಣ್ಣದ ಡಬ್ಬಿ:
ಪ್ರಾಂಪ್ಟರ್ ಯಾಕೆ ಬೇಕು ಈ ಕಾಲದಲ್ಲಿ? ಮಾತು ಬಾಯಿಗೆ ಬರದಿದ್ದರೆ ನಾಟಕ ಯಾಕೆ ಮಾಡಬೇಕು?

ಹೊಸನಗರ ಲೋಕಲ್:
ಬೆಳಗ್ಗೆಯಿಂದ ತೋಟ, ಸಂಜೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದು, ರಾತ್ರಿ ತಾಲೀಮಿಗೆ ಬರುವವರು ಅಕ್ಕ ಅವರು. ಒಂದೆರಡು ಮಾತು ತಪ್ಪುತ್ತೆ. ಪ್ರಾಂಪ್ಟರ್ ಇದ್ದಾನೆ ಅನ್ನುವ ಧೈರ್ಯಕ್ಕೇ ಅರ್ಧ ಮಾತು ನೆನಪಿರುತ್ತೆ.

ಬಣ್ಣದ ಡಬ್ಬಿ:
ಆ ಧೈರ್ಯದಿಂದಲೇ ಯಾರೂ ಕಲಿಯುವುದಿಲ್ಲ. ಕಿವಿ ಒಳಗಿನ ಮಾತಿನ ಕಡೆ ಇದ್ದರೆ ಎದುರಿಗಿರುವವರ ಮಾತು ಕೇಳಿಸಿಕೊಳ್ಳುವುದು ಯಾವಾಗ? ನಾನೂ ಹೊಲ, ಮನೆ, ದನ ಎಲ್ಲ ಮುಗಿಸಿಯೇ ಬರುವವಳು.

ತುಂಗಾ ತೀರ:
ಸಾಗರ ತಾಲ್ಲೂಕಿನದೇ ಹೆಗ್ಗೋಡಿನ ಹೆಸರು ಇನ್ನೂ ಬರಲೇ ಇಲ್ಲವಲ್ಲ. ಅಲ್ಲಿನ ನಾಟಕ ಸಂಘ ನೀನಾಸಂನ ತಿರುಗಾಟದ ನಾಟಕ ನೋಡಿ. 1985ರಿಂದ ಊರೂರು ಸುತ್ತುತ್ತಿದ್ದಾರೆ. ಇವತ್ತು ದೊಡ್ಡ ಮಂದಿರ, ನಾಳೆ ಇನ್ನೆಲ್ಲೋ ಸಣ್ಣ ಸಭಾಂಗಣ. ಆದರೂ ಮಾತು ಸ್ಪಷ್ಟ.

ಕಟ್ಟೆಪುರಾಣ:
ಅವರು ಅದನ್ನೇ ಕಲಿತು ಬಂದವರು. 1980ರಿಂದ ರಂಗಶಿಕ್ಷಣ ಕೇಂದ್ರ ಇದೆ ಅಲ್ಲಿ. ನಮ್ಮಂಥವರನ್ನು ಅವರ ಜೊತೆ ಹೋಲಿಸಬೇಡಿ.

ತುಂಗಾ ತೀರ:
ಹೋಲಿಸಲೇಬೇಕು. ಶಿಕ್ಷಣ ಕೇಂದ್ರ ಬಂದದ್ದು 1980ರಲ್ಲಿ. ಸಂಘ ಶುರುವಾದದ್ದು 1949ರಲ್ಲಿ. ನೀನಾಸಂ, ಅಂದರೆ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದವರು ಆ ಊರಿನವರೇ, ತೋಟದ ಕೆಲಸ ಮಾಡಿಕೊಂಡು ನಾಟಕ ಆಡುತ್ತಿದ್ದವರು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರದ್ದೂ ಅಡಿಕೆ ತೋಟದ ಮನೆಯೇ. "ನಾವು ಅಡಿಕೆಯವರು, ನಮ್ಮಿಂದ ಆಗಲ್ಲ" ಅನ್ನುವ ಮಾತನ್ನು ಸಾಗರ ತಾಲ್ಲೂಕಿನವರಂತೂ ಹೇಳಬಾರದು.

ಕಟ್ಟೆಪುರಾಣ:
ಸರಿ ಸರಿ. ಒಪ್ಪಿದೆ ಅಂತಲ್ಲ, ಊಟಕ್ಕೆ ಕರೆಯುತ್ತಿದ್ದಾರೆ.

ಸೈಡ್‌ವಿಂಗ್:
ಮೇಳದ ಹುಚ್ಚು ಅವರ ಮಾತಿಗೆ ಒಂದು ಸೇರಿಸುತ್ತೇನೆ. ಯಕ್ಷಗಾನದಿಂದ ಕಲಿಯಬೇಕಾದ್ದು ದಮ್ ಅಲ್ಲ. ಅಲ್ಲಿ ಪದ ಮುಗಿದು ಚೆಂಡೆ ಮದ್ದಳೆ ನಿಂತ ಮೇಲೆ ಅರ್ಥ, ಅಂದರೆ ವೇಷಧಾರಿಗಳ ಮಾತು, ಶುರುವಾಗುತ್ತದೆ. ಮಾತಿನ ಮೇಲೆ ವಾದ್ಯ ಹತ್ತುವುದಿಲ್ಲ. ನಮ್ಮ ಹವ್ಯಾಸಿ ತಂಡಗಳಲ್ಲಿ ದುಃಖದ ದೃಶ್ಯ ಬಂತು ಅಂದರೆ ಸಾಕು, ಪೆನ್‌ಡ್ರೈವಿನಿಂದ ಪಿಟೀಲು ಶುರು. ತಾಯಿ ಸಾಯುವಾಗ ಏನೋ ಹೇಳುತ್ತಾಳೆ, ಅದನ್ನು ಪಿಟೀಲು ಮುಚ್ಚಿ ಹಾಕುತ್ತದೆ. ಸಂಗೀತ ಬೇಕಾದರೆ ಮಾತು ನಿಂತ ಜಾಗದಲ್ಲಿ ಹಾಕಿ.

ಮೇಳದ ಹುಚ್ಚು:
ಇದು ಸರಿಯಾದ ಮಾತು. ಭಾಗವತರಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತು. ಪೆನ್‌ಡ್ರೈವಿಗೆ ಗೊತ್ತಿಲ್ಲ.

ಲೈಟ್ ಹುಡುಗ:
ಲೈಟಿನವರನ್ನು ಯಾರೂ ಕೇಳಲ್ಲ, ಆದರೂ ಹೇಳ್ತೀನಿ. ಮುಖ ಕಾಣದಿದ್ದರೆ ಮಾತೂ ಕೇಳುವುದಿಲ್ಲ. ನಾವು ಗೊತ್ತಿಲ್ಲದೆಯೇ ತುಟಿ ನೋಡಿಕೊಂಡು ಕೇಳುತ್ತೇವೆ. ನೀಲಿ ಲೈಟ್ ಹಾಕಿ ಅರ್ಧ ಕತ್ತಲೆಯಲ್ಲಿ ಐದು ನಿಮಿಷ ಸಂಭಾಷಣೆ ಇಟ್ಟರೆ ಜನ ಮೊಬೈಲ್ ತೆಗೆಯುತ್ತಾರೆ. ರಾತ್ರಿಯ ದೃಶ್ಯ ಆದರೂ ಮಾತಾಡುವವರ ಮುಖದ ಮೇಲೆ ಬೆಳಕು ಇರಲಿ. ಲೈಟನ್ನು ತಲೆಯ ಮೇಲೆ ನೇರ ಕಟ್ಟಬೇಡಿ, ಕಣ್ಣು ಗುಳಿಯಾಗಿ ಕಾಣುತ್ತದೆ. ಮುಂದಿನಿಂದ ಸುಮಾರು 45 ಡಿಗ್ರಿ ಓರೆಯಲ್ಲಿ, ಎಡಕ್ಕೊಂದು ಬಲಕ್ಕೊಂದು. ಹಳೆಯ 1000 ವಾಟಿನ ಪಾರ್ ಲೈಟ್ ಒಂದೊಂದೂ ನಾಲ್ಕು ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ. ಶಾಲೆಯ ಪ್ಲಗ್ಗಿಗೆ ಆರೇಳು ಹಾಕಿ ಊರೆಲ್ಲ ಕತ್ತಲೆ ಮಾಡಬೇಡಿ.

ಹಿಂದಿನ ಬೆಂಚು:
ಮಂಡಕ್ಕಿ ಅಂಗಡಿ ಎಲ್ಲಿ ಹಾಕಿಸುತ್ತೀರಿ ಅನ್ನುವುದೂ ಮುಖ್ಯ. ನಮ್ಮಲ್ಲಿ ಮಿರ್ಚಿ ಕರಿಯುವ ಬಾಣಲೆ ಸರಿಯಾಗಿ ಹಿಂದಿನ ಸಾಲಿನ ಬೆನ್ನಿಗೇ ಇರುತ್ತೆ. ನಾಯಕ ಸಾಯುವಾಗ ಚುಂಯ್ ಅಂತ ಸದ್ದು, ಜೊತೆಗೆ ಪರಿಮಳ. ಯಾರು ನಾಟಕ ನೋಡುತ್ತಾರೆ?

ಹಳೆ ಮೇಷ್ಟ್ರು:
ಅಂಗಡಿ ಬೇಡ ಅಂದರೆ ಅರ್ಧ ಜನ ಬರುವುದಿಲ್ಲ. ಗೇಟಿನ ಹತ್ತಿರ ಹಾಕಿಸಿ, ನಾಟಕ ನಡೆಯುವಾಗ ಒಲೆ ಬಂದ್ ಎಂದು ಮೊದಲೇ ಮಾತಾಡಿಕೊಳ್ಳಿ.

ಹೊಸನಗರ ಲೋಕಲ್:
ಮೈಕ್ ಹಾಕುವುದಾದರೆ ಪೊಲೀಸ್ ಠಾಣೆಯಿಂದ ಅನುಮತಿ ಮಾಡಿಸಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ನಮ್ಮ ಕಡೆ ಏಳಕ್ಕೆ ಅಂತ ಕರೆದರೆ ಸನ್ಮಾನ, ಭಾಷಣ, ದೇಣಿಗೆ ಕೊಟ್ಟವರ ಹೆಸರು ಎಲ್ಲ ಮುಗಿದು ನಾಟಕ ಶುರುವಾಗುವುದು ಒಂಬತ್ತೂಕಾಲಿಗೆ. ನಿಮ್ಮದು ಒಂದೂವರೆ ಗಂಟೆ. ಲೆಕ್ಕ ಹಾಕಿಕೊಳ್ಳಿ.

ಬಣ್ಣದ ಡಬ್ಬಿ:
ಸನ್ಮಾನ ನಾಟಕ ಆದ ಮೇಲೆ ಇಡಿ. ಆಗ ಎಷ್ಟು ಜನ ಉಳಿಯುತ್ತಾರೆ ನೋಡೋಣ.

ಕೊನೆಕೊಯ್ಲು:
ಅಬ್ಬಾ, ಕೇಳಿದ್ದು ಒಂದು, ಸಿಕ್ಕಿದ್ದು ಹತ್ತು. ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ತಾಲೀಮಿನಲ್ಲಿ ಸೈಡ್‌ವಿಂಗ್ ಅವರು ಹೇಳಿದ ಹಾಗೆ ಬೆನ್ನು ತಿರುಗಿಸಿ ನಿಂತು ಬರೆದುಕೊಂಡೆ. ಒಂದು ಪುಟದಲ್ಲಿ ಪೂರ್ತಿ ಕೇಳಿಸಿದ ವಾಕ್ಯ ನಾಲ್ಕೋ ಐದೋ. ಉಳಿದದ್ದಕ್ಕೆ ಬಾಲವೇ ಇಲ್ಲ. ಎಲ್ಲರಿಗೂ ತೋರಿಸಿದೆ, ಸಿಟ್ಟು ಬಂತು ಕೆಲವರಿಗೆ. ಈಗ ಪುಸ್ತಕದಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಪೆನ್ಸಿಲಿನಲ್ಲಿ ಗೆರೆ ಹಾಕುತ್ತಿದ್ದೇವೆ. ಶಾಲೆ ಕೋಣೆಯ ಬದಲು ಇನ್ನು ಮೇಲೆ ತಾಲೀಮು ಮೈದಾನದಲ್ಲೇ. ಕೂರುವ ಜಾಗದ ವಿಷಯಕ್ಕೆ ಸುಣ್ಣದಲ್ಲಿ 50 ಅಡಿಯ ಕಮಾನು ಎಳೆದು ನೋಡಿದೆವು, ಜನ ಹಿಡಿಸುತ್ತಾರೆ. ಕಾಲರ್ ಮೈಕ್ ಬಿಟ್ಟೆವು. ನೆಲದ ಮೈಕ್ ಎರಡು ತಂದು ಇಟ್ಟುಕೊಳ್ಳೋಣ, ಬೇಕಾದರೆ ಮಾತ್ರ ಹಾಕೋಣ ಎಂದಾಗ ನಿರ್ದೇಶಕರು ಅರೆಮನಸ್ಸಿನಲ್ಲಿ ಹೂಂ ಅಂದಿದ್ದಾರೆ.

ಒಂದು ಪ್ರಶ್ನೆ ಉಳಿದಿದೆ. ಪಿಸುಗುಟ್ಟುವ ದೃಶ್ಯ ಇದೆ ನಮ್ಮಲ್ಲಿ, ಇಬ್ಬರು ಗುಟ್ಟಾಗಿ ಮಾತಾಡುವುದು. ಅದನ್ನು ಮೈಕ್ ಇಲ್ಲದೆ ಹೇಗೆ?

ಬಣ್ಣದ ಡಬ್ಬಿ:
ನಿಜವಾಗಿ ಪಿಸುಗುಟ್ಟಬೇಡಿ. ಮೈ ಹತ್ತಿರ ತನ್ನಿ, ಸುತ್ತ ನೋಡಿ, ಕೈ ಬಾಯಿಗೆ ಅಡ್ಡ ಬರದ ಹಾಗೆ ಹಿಡಿಯಿರಿ. ಧ್ವನಿಗೆ ಸ್ವಲ್ಪ ಗಾಳಿ ಸೇರಿಸಿ, ವ್ಯಂಜನಗಳನ್ನು ಒತ್ತಿ ಹೇಳಿ. ವೇಗ ಅರ್ಧಕ್ಕೆ ಇಳಿಸಿ. ಮೈ ಗುಟ್ಟು ಹೇಳುತ್ತಿದ್ದರೆ ಧ್ವನಿ ದೊಡ್ಡದಿದ್ದರೂ ಜನ ಪಿಸುಮಾತು ಅಂತಲೇ ಒಪ್ಪುತ್ತಾರೆ. ಮತ್ತೆ ಆ ಇಬ್ಬರನ್ನೂ ವೇದಿಕೆಯ ಮುಂದಕ್ಕೆ ತನ್ನಿ, ಹಿಂದಿನ ಮೂಲೆಯಲ್ಲಿ ನಿಲ್ಲಿಸಬೇಡಿ.

ಸೈಡ್‌ವಿಂಗ್:
ಇದಕ್ಕೆ ಮೊದಲಿನ ಮಾತನ್ನು ಜೋರಾಗಿ ಮುಗಿಸಿ, ಒಂದು ಕ್ಷಣ ಸುಮ್ಮನಿರಿ. ಆ ಮೌನದಲ್ಲಿ ಜನ ತಾವಾಗಿಯೇ ಕಿವಿ ಕೊಡುತ್ತಾರೆ.

ಕಟ್ಟೆಪುರಾಣ:
ಅಷ್ಟರಲ್ಲಿ ಯಾರದ್ದೋ ಮೊಬೈಲ್ ಹೊಡೆದುಕೊಳ್ಳುತ್ತೆ.

ಹೊಸನಗರ ಲೋಕಲ್:
@ಕೊನೆಕೊಯ್ಲು ನಮ್ಮ ಸಂಘದಲ್ಲಿ ದಪ್ಪ ಕಪ್ಪು ಪರದೆ ಇದೆ, ಹಿಂದಕ್ಕೆ ಕಟ್ಟಲು ಬೇಕಾದರೆ ತೆಗೆದುಕೊಂಡು ಹೋಗಿ. ಇಬ್ಬನಿಗೆ ಒದ್ದೆ ಮಾಡಿ ಮಡಚಿ ತರಬೇಡಿ, ಬೂಷ್ಟು ಹಿಡಿಯುತ್ತೆ.

ಇಂಜಿನಿಯರ್ ಮಾವ:
ದಪ್ಪ ಪರದೆ ಬೇಡ ಅಂತ ಮೇಲೆಯೇ ಬರೆದಿದ್ದೇನೆ. ಹಿಂದಕ್ಕೆ ಪ್ಲೈವುಡ್ ನಿಲ್ಲಿಸಿ.

ಹೊಸನಗರ ಲೋಕಲ್:
ಪ್ಲೈವುಡ್ಡೂ ಇದೆ ಮಾವ. ಹಳೆ ನಾಟಕದ ಅರಮನೆ ಬಣ್ಣ ಬಳಿದದ್ದು, ಮೇಲೆ ಬೇರೆ ಬಣ್ಣ ಹೊಡೆದುಕೊಳ್ಳಲಿ. ಗಾಡಿ ಮಾತ್ರ ಅವರೇ ತರಬೇಕು.